ಹನ್ನೊಂದು ಚುಚ್ಚು

ಹಸುವಿನ ಮೈಮೇಲೆ ನೊಣ ಕುಳಿತಾಗ ಅಷ್ಟು ಜಾಗದ ಚರ್ಮ ಮಾತ್ರ ಝಲ್ಲೆಂದು ಅದುರುವುದನ್ನು ನೋಡಿದ್ದೀರಲ್ಲ? ನೋವಿಳಿಸಲು ಸ್ನಾಯುವಿನ ಬಿಗಿ ಗಂಟಿಗೆ ಬರೀ ಸೂಜಿ ಚುಚ್ಚುವ ಡ್ರೈ ನೀಡ್ಲಿಂಗ್ ಮಾಡುವಾಗ ಸೂಜಿ ಸರಿಯಾದ ಕಡೆ ತಾಗಿದರೆ ಸ್ನಾಯುವೂ ಹಾಗೆಯೇ ಅದುರುತ್ತದೆ. ಒಂದು ಕ್ಷಣ, ಅಷ್ಟೇ. ಮಲಗಿದವರು ‘ಅಯ್ಯೋ’ ಎನ್ನುತ್ತಾರೆ. ಸೂಜಿ ಹಿಡಿದವನಿಗೆ ಬೆರಳ ತುದಿಯಲ್ಲೇ ಸುದ್ದಿ ಮುಟ್ಟುತ್ತದೆ. ಫಿಸಿಯೋಥೆರಪಿಸ್ಟ್ ಆಗಿ ಈ ವಿದ್ಯೆ ಕಲಿತ ಮೊದಲ ಎರಡು ವರ್ಷ ನಾನು ಆ ಅದುರಿಗೆ ಚಟ ಹತ್ತಿಸಿಕೊಂಡಿದ್ದೆ. ಅದಕ್ಕೆ ಬೇರೆ ಹೆಸರಿಲ್ಲ.

ಬಿಡಿಸಿದವರು ತೀರ್ಥಹಳ್ಳಿ ಕಡೆಯಿಂದ ಬಂದಿದ್ದ, ಅಡಿಕೆ ಸುಲಿಯುವ ಒಬ್ಬ ಹೆಂಗಸು.

ಕೊಯ್ಲು ಭರದಲ್ಲಿದ್ದ ಕಾಲ. ಬಲ ಭುಜದ ಮುಂಭಾಗದಲ್ಲಿ ನೋವು, ರಟ್ಟೆಗುಂಟ ಇಳಿದು ಮೊಣಕೈ ದಾಟುತ್ತದೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ ಎಂದರು. ಎಣ್ಣೆ ತಿಕ್ಕಿಸಿಕೊಂಡಾಗಿತ್ತು, ‘ವಾಯು’ ಎಂದು ಹೇಳಿಸಿಕೊಂಡಾಗಿತ್ತು, ಮಾತ್ರೆ ನುಂಗಿಯಾಗಿತ್ತು, ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ಕೈ ಪೂರ್ತಿ ಮೇಲೆತ್ತಬಲ್ಲರು. ನೋವಿದೆ ಎಂದು ತೋರಿಸಿದ ಜಾಗವನ್ನು ಒತ್ತಿದರೆ ಏನೂ ಇಲ್ಲ. ಬೆನ್ನ ಕಡೆಗೆ ಬಂದು ರೆಕ್ಕೆಮೂಳೆಯ ನಡುವೆ ಹೆಬ್ಬೆರಳಿಟ್ಟು ತಡಕಿದಾಗ ಹುರಿಯಂಥ ಒಂದು ಬಿಗಿ ಎಳೆ ಸಿಕ್ಕಿತು. ಒತ್ತಿದೆ.

“ಅದೇ ನೋವು! ಆದರೆ ನೀವು ಹಿಂದೆ ಒತ್ತಿದರೆ ಮುಂದೆ ಯಾಕೆ ಬರುತ್ತದೆ?”

ಸ್ನಾಯುವಿನ ಇಂಥ ಬಿಗಿ ಗಂಟಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಅದರ ಕಿಡಿಗೇಡಿತನವೇ ಅದು. ಗಂಟು ಒಂದು ಕಡೆ, ಗೋಳು ಇನ್ನೊಂದು ಕಡೆ. ರೆಕ್ಕೆಮೂಳೆಯ ಹಿಂದಿನ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿನ ನೋವು ಭುಜದ ಮುಂದೆ ಕಾಣಿಸಿಕೊಳ್ಳುತ್ತದೆ. ಪೃಷ್ಠದ ಆಳದಲ್ಲಿರುವ ಗ್ಲುಟಿಯಸ್ ಮಿನಿಮಸ್ ಕೆರಳಿದರೆ ಕಾಲಿನುದ್ದಕ್ಕೂ ನೋವು ಹರಿದು, ಸೊಂಟದಿಂದ ಇಳಿಯುವ ನರದ ನೋವಾದ ಸಯಾಟಿಕಾ ಎಂದೇ ಮೋಸ ಹೋಗುವಂತಾಗುತ್ತದೆ. ಈ ನಕ್ಷೆಗಳನ್ನು ದಶಕಗಳ ಕಾಲ ಕುಳಿತು ಬರೆದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ನರಳುತ್ತಿದ್ದ ಜಾನ್ ಕೆನಡಿಗೆ ಚಿಕಿತ್ಸೆ ಕೊಟ್ಟು, 1961ರಲ್ಲಿ ಅಧ್ಯಕ್ಷರ ವೈದ್ಯೆಯಾಗಿ ಶ್ವೇತಭವನ ಸೇರಿದವರು. ಆಕೆ ಗಂಟಿನೊಳಗೆ ಅರಿವಳಿಕೆಯ ಔಷಧಿ ಚುಚ್ಚುತ್ತಿದ್ದರು. 1979ರಲ್ಲಿ ಚೆಕ್ ವೈದ್ಯ ಕರೆಲ್ ಲೆವಿಟ್, ಔಷಧಿ ಏನೇ ಇರಲಿ, ಕೆಲಸದ ದೊಡ್ಡ ಪಾಲು ಸೂಜಿಯದೇ ಎಂದು ವಾದಿಸಿ ಬರೆದರು. ಔಷಧಿಯಿಲ್ಲದ ಸೂಜಿಯಾದ್ದರಿಂದ ಅದು ‘ಡ್ರೈ’. ನಮ್ಮ ಸೂಜಿಯಲ್ಲಿ ತೂತೇ ಇರುವುದಿಲ್ಲ. ಅಕ್ಯುಪಂಕ್ಚರ್‌ನವರೂ ಇಂಥದ್ದನ್ನೇ ಬಳಸುತ್ತಾರೆ. ಆದರೆ ಅವರು ಹುಡುಕುವುದು ಬೇರೆ, ನಾವು ಹುಡುಕುವುದು ಬೇರೆ.

ಆ ದಿನ ನಾನು ತೆಗೆದದ್ದು 0.30 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದದ ಸೂಜಿ. ಇನ್‌ಫ್ರಾಸ್ಪೈನೇಟಸ್‌ಗೆ ಚುಚ್ಚುವುದು ಸೂಜಿಯವನಿಗೆ ಧೈರ್ಯ ಕೊಡುವ ಕೆಲಸ, ಏಕೆಂದರೆ ಹಿಂದೆ ಮೂಳೆಯ ಗೋಡೆಯಿದೆ. ಹೆಗಲ ಮೇಲಿನ ಟ್ರಪೀಜಿಯಸ್ ಹಾಗಲ್ಲ. ಶ್ವಾಸಕೋಶದ ತುದಿ ಕೊರಳೆಲುಬಿಗಿಂತ ಮೇಲಕ್ಕೆ ಬಂದಿರುತ್ತದೆ. ಅಲ್ಲಿ ಸ್ನಾಯುವನ್ನು ಬೆರಳುಗಳ ನಡುವೆ ಹಿಡಿದೆತ್ತಿ, ಹಿಡಿದ ಮಾಂಸದೊಳಗೇ ಸೂಜಿ ಆಡಿಸಬೇಕು. ಕೈ ತಪ್ಪಿ ಎದೆಯ ಕಡೆ ಹೊರಳಿದರೆ ಶ್ವಾಸಕೋಶದ ಸುತ್ತ ಗಾಳಿ ತುಂಬುವ ಅಪಾಯವಿದೆ. ಚುಚ್ಚಿದ ಎಷ್ಟೋ ಗಂಟೆಗಳ ಮೇಲೆ ಏದುಸಿರು, ಎದೆನೋವು ಬಂದರೆ ನನಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ಮೊದಲೇ ಕೇಳುತ್ತೇನೆ. ಕುಳ್ಳಿರಿಸಿ ಚುಚ್ಚುವುದನ್ನಂತೂ ಬಿಟ್ಟೇಬಿಟ್ಟಿದ್ದೇನೆ. ಗಟ್ಟಿಮುಟ್ಟಾದ ತರುಣನೊಬ್ಬ ಸೂಜಿ ನೋಡಿಯೇ ಕುರ್ಚಿಯಿಂದ ಜಾರಿದ ಮೇಲೆ.

ಮೂಳೆಯ ಗೋಡೆಯ ಧೈರ್ಯದಲ್ಲಿ ಆ ದಿನ ಕೈ ಸಡಿಲ ಬಿಟ್ಟೆ. ಮೊದಲ ತಳ್ಳಿಗೇ ಸ್ನಾಯು ಅದುರಿತು. ಚರ್ಮದಿಂದ ಹೊರಬಾರದಂತೆ ಸೂಜಿಯನ್ನು ಸ್ವಲ್ಪ ಹಿಂದಕ್ಕೆಳೆದು, ಕೋನ ಬದಲಿಸಿ ಮತ್ತೆ ತಳ್ಳಿದೆ. ಮತ್ತೆ ಅದುರಿತು. ಇನ್ನೊಮ್ಮೆ, ಇನ್ನೊಮ್ಮೆ. ಅದುರು ನಿಲ್ಲುವವರೆಗೆ ಬಿಡಬಾರದು ಎಂದು ಕಲಿತಿದ್ದೆ. ಆಕೆ ಮಂಚದ ಅಂಚನ್ನು ಹಿಡಿದಿದ್ದರು. ಹೆಬ್ಬೆರಳಿನ ಬದಿಗೆ ಅಡಿಕೆಯ ಚೊಗರು ಹತ್ತಿ ಕಪ್ಪಾಗಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಎದ್ದು ಕುಳಿತು ಕೈ ತಿರುಗಿಸಿದರು. “ಹಗುರವಾಗಿದೆ” ಎಂದರು. “ನಾಳೆ ಸ್ವಲ್ಪ ನೋವಿರಬಹುದು” ಎಂದು ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಮಗಳ ಫೋನ್. ಅಮ್ಮನಿಗೆ ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲ. ಚುಚ್ಚಿದ ಮೇಲೆ ಒಂದೆರಡು ದಿನ ಹೀಗಾಗುವುದು ಸಹಜ, ಬಿಸಿನೀರಿನ ಶಾಖ ಕೊಡಿ, ಕೈಯನ್ನು ಮೆಲ್ಲಗೆ ಆಡಿಸುತ್ತಿರಲಿ ಎಂದೆ. ಪಾಠ ಒಪ್ಪಿಸಿದಂತೆ. ಆ ಕಡೆಯಿಂದ ಒಂದು ಪ್ರಶ್ನೆ ಬಂತು: “ಹಾಗಾದರೆ ಎರಡು ದಿನ ಸುಲಿಯಲಿಕ್ಕೆ ಹೋಗುವ ಹಾಗಿಲ್ಲವೇ?”

ಸುಲಿಯುವವರಿಗೆ ಕೂಲಿ ತೂಕದ ಲೆಕ್ಕ. ಹಸಿ ಅಡಿಕೆ ಕಾಯುವುದಿಲ್ಲ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸಬೇಕು. ಸಂಜೆ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವಾಗ ರಾತ್ರಿ ಬಹಳವಾಗಿರುತ್ತದೆ. ವರ್ಷದಲ್ಲಿ ಕೈಗೆ ದುಡ್ಡು ಕಾಣುವ ಕೆಲವೇ ವಾರಗಳಲ್ಲಿ ಎರಡು ರಾತ್ರಿಯನ್ನು ನಾನು ಕಿತ್ತುಕೊಂಡಿದ್ದೆ. ‘ಸ್ವಲ್ಪ’ ಎಂದು ಹೇಳಿ.

ವಾರದ ಮೇಲೆ ಆಕೆ ಬಂದಾಗ ಭುಜದ ನೋವು ಹತ್ತರಲ್ಲಿ ಏಳರಿಂದ ಮೂರಕ್ಕೆ ಇಳಿದಿತ್ತು. ನನ್ನ ಫೈಲಿನ ಪ್ರಕಾರ ಚಿಕಿತ್ಸೆ ಗೆದ್ದಿತ್ತು. ಎರಡು ರಾತ್ರಿಯ ಕೂಲಿ ಬರೆಯಲು ಆ ಫೈಲಿನಲ್ಲಿ ಕಾಲಂ ಇಲ್ಲ.

ಆಮೇಲೆ ಒಂದಷ್ಟು ದಿನ ಓದಿದೆ. ಓದಿದಷ್ಟೂ ನನ್ನ ಗತ್ತು ಇಳಿಯಿತು. ಒಂದೇ ಸ್ನಾಯುವನ್ನು ಇಬ್ಬರು ಅನುಭವಿಗಳು ತಡಕಿದರೂ ಗಂಟು ಎಲ್ಲಿದೆ ಎಂಬುದರಲ್ಲಿ ಹಲವು ಬಾರಿ ಒಮ್ಮತ ಬರುವುದಿಲ್ಲ. 2015ರಲ್ಲಿ ಕ್ವಿಂಟ್ನರ್, ಬೋವ್, ಕೋಹೆನ್ ಎಂಬ ಮೂವರು ಟ್ರಿಗರ್ ಪಾಯಿಂಟಿನ ಸಿದ್ಧಾಂತವನ್ನೇ ಬುಡಮಟ್ಟ ಪ್ರಶ್ನಿಸಿ ಬರೆದಿದ್ದಾರೆ. ಸೂಜಿಯಿಂದ ಕೆಲವು ದಿನ, ಕೆಲವು ವಾರ ನೋವು ತಗ್ಗುತ್ತದೆ ಎನ್ನಲು ಆಧಾರಗಳಿವೆ. ತಿಂಗಳುಗಟ್ಟಲೆ ಉಳಿಯುತ್ತದೆ ಎನ್ನಲು ಇರುವ ಆಧಾರ ತೆಳ್ಳಗಿದೆ. ಅದುರು ಬಂದವರಿಗೇ ಹೆಚ್ಚು ಗುಣ ಎಂಬುದೂ ಗಟ್ಟಿಯಾಗಿ ನಿಂತ ಮಾತಲ್ಲ. ನಾನು ಸೂಜಿಯನ್ನು ಕೆಳಗಿಡಲಿಲ್ಲ. ಕಣ್ಣೆದುರೇ ನೋವು ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಮೂರನೆಯ, ಏಳನೆಯ, ಹತ್ತನೆಯ ಅದುರನ್ನು ನಾನು ಯಾರಿಗಾಗಿ ಹುಡುಕುತ್ತಿದ್ದೆ ಎಂದು ಕೇಳಿಕೊಂಡರೆ ಉತ್ತರ ಹೇಳಲು ನಾಚಿಕೆ. ನನ್ನ ಬೆರಳಿಗಾಗಿ.

ಈಗ ಸೂಜಿಯ ಪೊಟ್ಟಣ ಹರಿಯುವ ಮೊದಲು “ನಾಳೆ ಏನು ಕೆಲಸವಿದೆ?” ಎಂದು ಕೇಳುತ್ತೇನೆ. ಮದುವೆಯ ಅಡುಗೆಗೆ ಹೊರಟ ಬಾಣಸಿಗ, ಮರುದಿನ ಘಾಟಿ ಇಳಿಯಬೇಕಾದ ಬಸ್ ಚಾಲಕ, ಪರೀಕ್ಷೆ ಬರೆಯುವ ಹುಡುಗಿ, ಎಲ್ಲರಿಗೂ ಇದೇ ಪ್ರಶ್ನೆ. ಕೆಲವರನ್ನು ಆ ದಿನ ಚುಚ್ಚದೆ, ಶಾಖ ಮತ್ತು ವ್ಯಾಯಾಮ ಕೊಟ್ಟು ಕಳಿಸುತ್ತೇನೆ. ಸೂಜಿಗೆಂದೇ ಬಂದವರಿಗೆ ಅದು ರುಚಿಸುವುದಿಲ್ಲ. ‘ಬರೀ ವ್ಯಾಯಾಮಕ್ಕೆ ಇಷ್ಟು ಫೀಸೇ?’ ಎಂದು ಮುಖದ ಮೇಲೆಯೇ ಕೇಳಿದವರಿದ್ದಾರೆ.

ಆಕೆಯ ವಿಷಯದಲ್ಲಿ ನಾನು ಕೇಳದೇ ಬಿಟ್ಟಿದ್ದ ಇನ್ನೊಂದು ಪ್ರಶ್ನೆ, ಹೇಗೆ ಕೂರುತ್ತೀರಿ ಎಂಬುದು. ನೆಲದ ಮೇಲೆ ಕುಳಿತು ತೋರಿಸಿ ಎಂದೆ. ಎದುರಿಗೆ ಕತ್ತಿಯಿದೆ ಎಂದುಕೊಂಡು ಎರಡೂ ಕೈ ಮುಂದೆ ಚಾಚಿ ಒತ್ತಿ ತೋರಿಸಿದರು. ಬಲ ಮೊಣಕೈ ಪಕ್ಕೆಯಿಂದ ಒಂದು ಗೇಣು ದೂರ ಹಾರಿ ನಿಂತಿತ್ತು. ಗಂಟೆಗಟ್ಟಲೆ ಹೀಗೆ ಹಿಡಿದರೆ ಬೆನ್ನ ಹಿಂದಿನ ಆ ಸ್ನಾಯು ದುಡಿಯದೆ ಏನು ಮಾಡೀತು? ಕುಳಿತಲ್ಲೇ ಒಂದು ಗೋಣಿಚೀಲ ಮಡಚಿ ಹಾಕಿಕೊಂಡು ಎತ್ತರವಾಗಿ, ಕತ್ತಿಯನ್ನು ಹತ್ತಿರ ಎಳೆದುಕೊಂಡು ನೋಡಿ ಎಂದೆ. ಮಡಚಿದ ಟವೆಲನ್ನು ಕಂಕುಳ ಬಳಿ ಅವುಚಿಕೊಂಡು, ಮುಂಗೈಯ ಹೊರಬದಿಯನ್ನು ಗೋಡೆಗೆ ಒತ್ತುವ ಒಂದೇ ಒಂದು ವ್ಯಾಯಾಮ ಹೇಳಿಕೊಟ್ಟೆ. ಹೆಚ್ಚು ಹೇಳಿದರೆ ಯಾರೂ ಮಾಡುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಆಕೆ ಮತ್ತೆ ಬಂದರು. ನೋವು ಪೂರ್ತಿ ಹೋಗಿರಲಿಲ್ಲ. “ಈಗ ಚುಚ್ಚಿ, ಈಗ ಕೆಲಸವಿಲ್ಲ” ಎಂದು ತಾವೇ ಬೋರಲು ಮಲಗಿದರು. ಒಂದು ತಳ್ಳು, ಅದುರಿತು. ಇನ್ನೊಂದು. ಸೂಜಿ ಹೊರತೆಗೆದು ಹತ್ತಿಯಲ್ಲಿ ಒತ್ತಿ ಹಿಡಿದೆ.

“ಮುಗಿಯಿತೇ?”

“ಮುಗಿಯಿತು.”

“ಹೋದ ಸಲ ಹನ್ನೊಂದಾಗಿತ್ತು” ಎಂದರು, ದಿಂಬಿನಿಂದ ಮುಖ ಎತ್ತದೆ. “ಎಣಿಸುತ್ತಿದ್ದೆ.”