15 ಪೈಸೆ ಕಾರ್ಡಿನ ಹಾಕಿ ಸೀಸನ್

ನಮ್ಮ ಪಿ.ಟಿ. ಮೇಷ್ಟ್ರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಸಾವಿರಾರು ಹುಡುಗರಿಗೆ ಡ್ರಿಲ್ ಮಾಡಿಸಿದವರು, ಖೋಖೋ, ಕಬಡ್ಡಿ ಕಲಿಸಿದವರು. ಆದರೂ ತಿಥಿಯ ಊಟಕ್ಕೆ ಕೂತ ಪಂಕ್ತಿಯಲ್ಲಿ ಮಾತೆಲ್ಲ ಹಾಕಿಯದೇ. ಬಡಿಸುವವರು ಪಾಯಸ ತಂದು ನಿಂತರೂ ನಮಗೆ ಗೊತ್ತಾಗಲಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದಿದ್ದು 1985ರ ಸುಮಾರಿಗೆ. ಆಗಿನ್ನೂ ನಾವು ಕೋಲಾರ ಜಿಲ್ಲೆಯವರು. ಪಾಠ ಏನು ಕೇಳಿದೆವೋ ದೇವರಿಗೇ ಗೊತ್ತು. ಬೆಂಜೀನ್ ಚಿತ್ರ ಒಂದು ನೆನಪಿದೆ, ಬೋರ್ಡಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು ಅಂತ.

ನಮ್ಮ ತಂಡ ಯಾವ ಲೀಗಿನಲ್ಲೂ ಇರಲಿಲ್ಲ. ಸೇರೋಕೆ ಲೀಗ್ ಇರಬೇಕಲ್ವಾ? ಸುತ್ತಮುತ್ತ ಹಾಕಿ ಆಡುವ ಕಾಲೇಜು ನಮ್ಮದೊಂದೇ. ತಾಲ್ಲೂಕು ಮಟ್ಟದಲ್ಲಿ ಹೆಸರು ಕೊಟ್ಟರೆ ಎದುರಾಳಿ ಇಲ್ಲದೆ ಗೆದ್ದಿರಿ ಎಂದು ಕಾಗದ ಕೈಗಿಡುತ್ತಿದ್ದರು. ಮೇಷ್ಟ್ರಿಗೆ ಅದು ಆಗದು. "ಆಡದೆ ಗೆದ್ದ ಕಪ್ಪಲ್ಲಿ ಕಾಫಿ ಕುಡೀಬೇಕಾ?" ಎನ್ನುತ್ತಿದ್ದರು.

ಆಯುಧಪೂಜೆ ಮುಗಿದ ವಾರ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು 15 ಪೈಸೆ ಅಂಚೆ ಕಾರ್ಡುಗಳ ಕಂತೆ ಬಿಚ್ಚುತ್ತಿದ್ದರು. ಕೋಲಾರದ ಪೊಲೀಸರಿಗೊಂದು, ಗೌರಿಬಿದನೂರಿನ ಕಾರ್ಖಾನೆ ಹುಡುಗರಿಗೊಂದು, ಬೆಂಗಳೂರಿನ ಕಾಲೇಜುಗಳಿಗೆ ನಾಲ್ಕಾರು, ಕೆ.ಜಿ.ಎಫ್.ಗೆ ತಪ್ಪದೆ ಒಂದು. "ನಮ್ಮಲ್ಲಿ ಹುಡುಗರಿದ್ದಾರೆ, ಮೈದಾನ ಇದೆ. ಬಂದರೆ ಮಧ್ಯಾಹ್ನದ ಊಟ ನಮ್ಮದು. ಕರೆದರೆ ನಾವೇ ಬರುತ್ತೇವೆ." ಇಷ್ಟೇ ಒಕ್ಕಣೆ. ಉತ್ತರ ಬಂದ ಹಾಗೆಲ್ಲ ಹಳೆಯ ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ತಾರೀಖು ಬರೆದುಕೊಳ್ಳುತ್ತಿದ್ದರು. ಅದೇ ನಮ್ಮ ಸೀಸನ್. ಪಾಯಿಂಟ್ಸ್ ಇಲ್ಲ, ಫೈನಲ್ ಇಲ್ಲ. ಸಂಕ್ರಾಂತಿ ಕಳೆದು ಪರೀಕ್ಷೆ ಹತ್ತಿರ ಬಂದರೆ ತಾನೇ ನಿಲ್ಲುತ್ತಿತ್ತು.

ನಮ್ಮ ಮೈದಾನ ಬರೀ ಗರಸು. ಚೆಂಡು ಯಾವ ಕಲ್ಲಿಗೆ ತಗುಲಿ ಯಾರ ಮೊಣಕಾಲಿಗೆ ಬರುತ್ತದೋ ಹೇಳಲಾಗದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲು ಹೋಗಿ ಆಸ್ಟ್ರೋಟರ್ಫ್ ಎಂಬ ಕೃತಕ ಹಾಸು ಬಂತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಮೇಷ್ಟ್ರು ಅದನ್ನು ತಮ್ಮ ಮನೆಯಲ್ಲೇ ಕಳ್ಳತನವಾದ ಹಾಗೆ ಹೇಳುತ್ತಿದ್ದರು. "ಆ ಜಮಖಾನದ ಮೇಲೆ ಯಾರು ಬೇಕಾದ್ರೂ ಆಡ್ತಾರೆ. ಇಲ್ಲಿ ಚೆಂಡು ನಿಲ್ಲಿಸ್ರೋ ನೋಡೋಣ."

ಇನ್ನು ಸ್ಟಿಕ್ಕಿನ ಕಥೆ. ಇದನ್ನು ಬರೆಯದಿದ್ದರೆ ಗೆಳೆಯರು ನನ್ನನ್ನು ಬಿಡುವುದಿಲ್ಲ. ಸ್ಟಿಕ್ಕುಗಳು ಜಲಂಧರದಿಂದ ಬರಬೇಕು, ಕಾಲೇಜಿನಲ್ಲಿ ದುಡ್ಡಿಲ್ಲ. ಒಂದು ಸಂಜೆ ಮೇಷ್ಟ್ರು ಮಾತಿಗೆ ಮಾತು ಬಂದು, ಸ್ಟಿಕ್ಕು ಮಾಡೋದು ಹಿಪ್ಪುನೇರಳೆ ಮರದಿಂದ ಅಂದುಬಿಟ್ಟರು. ನಾವು ಮುಖ ಮುಖ ನೋಡಿಕೊಂಡೆವು. ರೇಷ್ಮೆ ಸೊಪ್ಪಿನ ಮರ! ನಮ್ಮ ಸೀಮೆಯಲ್ಲಿ ಅದಕ್ಕೇನು ಬರ? ತೋಟದಲ್ಲಿರುವುದು ಬೆರಳು ಗಾತ್ರದ ಕಡ್ಡಿ, ಅದು ಸಾಲದು. ಆದರೆ ನಂದಿ ರಸ್ತೆಯ ಒಬ್ಬ ರೈತರ ಬದುವಿನಲ್ಲಿ ಹಳೆಯ ಮರವೊಂದಿತ್ತು. ರಾತ್ರಿ ಹೋಗಿ ತೋಳಿನ ಗಾತ್ರದ ಕೊಂಬೆ ಇಳಿಸಿದೆವು.

ನಮ್ಮ ಗೋಲ್ ಕೀಪರ್ ಶಿಡ್ಲಘಟ್ಟದವನು, ಅವನ ತಂದೆ ರೀಲರ್, ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ಗೂಡು ಬೇಯಿಸುವ ಬಿಸಿನೀರಿಗೆ ಕೊಂಬೆಯ ತುದಿ ಇಳಿಬಿಟ್ಟು, ಮೆತ್ತಗಾದ ಮೇಲೆ ಚಪ್ಪಡಿ ಸಂದಿಗೆ ಸಿಕ್ಕಿಸಿ ಬಗ್ಗಿಸಿದೆವು. ಬಗ್ಗಿತು ಕೂಡ! ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದೆವು. ಮಾರನೇ ವಾರ ಅವನೇ ಮೊದಲ ಹೊಡೆತ ಹೊಡೆದ. ಚೆಂಡು ಇದ್ದಲ್ಲೇ ಇತ್ತು, ಸ್ಟಿಕ್ಕಿನ ಬಾಗಿದ ತುದಿ ಮಾತ್ರ ಹಾಫ್ ಲೈನ್ ದಾಟಿತು. ಮೇಷ್ಟ್ರು ಅದನ್ನು ಎತ್ತಿ ಮೂಸಿದರು. ಬೆಂದ ಹುಳುವಿನ ವಾಸನೆ. "ಯಾರದ್ರೋ ಮರ?"

ಹೊಡೆಯಲಿಲ್ಲ. ಅವತ್ತೇ ಆ ರೈತರ ಮನೆಗೆ ಕರೆದೊಯ್ದು ಒಪ್ಪಿಸಿದರು. ಅವರ ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು. ಆಗ ಎಷ್ಟು ಸೊಪ್ಪು ಹಾಕಿದರೂ ಸಾಲದು ಅನ್ನೋದು ರೇಷ್ಮೆ ಬೆಳೆದವರಿಗೆ ಗೊತ್ತು. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ದಿನಾ ಬೆಳಗಿನ ಜಾವ ಸೊಪ್ಪು ಕೊಯ್ದೆವು. ಮೇಷ್ಟ್ರೂ ಪಂಚೆ ಎತ್ತಿ ಕಟ್ಟಿ ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದರು. ಮಣಿಕಟ್ಟಿಗೆ ಒಳ್ಳೇದು ಕಣ್ರೋ ಅನ್ನೋರು. ನನ್ನ ಹೊಡೆತಕ್ಕೆ ಜೋರು ಬಂದದ್ದು ಆಮೇಲೇ.

ಕೆ.ಜಿ.ಎಫ್. ಪಂದ್ಯ ನಮ್ಮ ಪಾಲಿನ ದೊಡ್ಡ ಜಾತ್ರೆ. ನ್ಯಾರೋಗೇಜ್ ಗಾಡಿಯಲ್ಲಿ ಬಂಗಾರಪೇಟೆ, ಅಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಊರ್ಗಾಂನಲ್ಲಿ ಇಳಿಯಬೇಕು. ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಹಲ್ಲಲ್ಲೆಲ್ಲ ದೂಳು. ಅಲ್ಲಿನ ಹುಡುಗರು ಮಾತಾಡುವುದು ತಮಿಳಿನಲ್ಲಿ, ಅವರಿಗೆ ತಿಳಿಯದಿರಲಿ ಅಂತ ನಾವು ತೆಲುಗಿನಲ್ಲಿ ಕೂಗಿಕೊಂಡು ಪಾಸ್ ಮಾಡಿದೆವು. ಅವರ ಕೀಪರ್ ನಮಗಿಂತ ಚೆನ್ನಾದ ತೆಲುಗಿನಲ್ಲಿ ಉತ್ತರ ಕೊಟ್ಟ. 5-1ಕ್ಕೆ ಸೋತೆವು. ಆ ಒಂದು ನನ್ನದು. ಎಡಗಡೆಯಿಂದ ಒಳಗೆ ನುಗ್ಗಿ, ಅದೇ ಕೀಪರ್‌ನ ಕಾಲಸಂದಿಯಲ್ಲಿ. ಸುಮ್ನೆ ಹೇಳುತ್ತಿಲ್ಲ, ಕಂಡವರು ಇನ್ನೂ ಇದ್ದಾರೆ. ತಿಥಿಯ ದಿನ ಮೇಷ್ಟ್ರ ಮಗಳು ಆ ಹಾಜರಿ ಪುಸ್ತಕ ತೋರಿಸಿದರು. ನಾನು ಮೊದಲು ಹುಡುಕಿದ್ದು ಅದೇ ಪಂದ್ಯ. "ಸೋಲು. ಊಟ ಬಹಳ ಚೆನ್ನಾಗಿತ್ತು" ಎಂದಿದೆ. ಗೋಲ್ ಹೊಡೆದವನ ಹೆಸರಿಲ್ಲ!

ನಮ್ಮ ಸೆಂಟರ್ ಹಾಫ್ ಸೈನ್ಯ ಸೇರಿ ಒಂದಷ್ಟು ಕಾಲ ಲೇಹ್‌ನಲ್ಲಿದ್ದ. ಅಲ್ಲಿ ಚಳಿಗೆ ಕೆರೆ ಗಟ್ಟಿಯಾದ ಮೇಲೆ ಐಸ್ ಹಾಕಿ ಆಡುತ್ತಾರಂತೆ. ಒಂದು ಕಡೆಗೆ ಆರೇ ಜನ, ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಸೈನಿಕರು, ಊರಿನವರು, ಶಾಲೆ ಹುಡುಗರು ಒಬ್ಬರನ್ನೊಬ್ಬರು ಕರೆದು ಆಡುತ್ತಾರೆ, ಐಸ್ ಕರಗಿದರೆ ಸೀಸನ್ ಮುಗಿಯಿತು. "ಅಲ್ಲೂ ನಮ್ಮ ಮೇಷ್ಟ್ರಂಥೋರು ಒಬ್ಬರು ಕಾರ್ಡ್ ಬರೀತಿರಬೇಕು" ಎಂದ.

ಈಗಿನ ಮಕ್ಕಳು ನಮಗಿಂತ ಬುದ್ಧಿವಂತರು, ಅದರಲ್ಲಿ ಅನುಮಾನವಿಲ್ಲ. ಆದರೆ ಪಿ.ಟಿ. ಪೀರಿಯಡ್ ಟೈಂಟೇಬಲ್ಲಿನಲ್ಲಷ್ಟೇ ಇದೆ, ಆ ಹೊತ್ತಿಗೆ ನೀಟ್ ಪ್ರಶ್ನೆ ಬಿಡಿಸುತ್ತಾರೆ. ನಮ್ಮ ಗರಸು ಮೈದಾನದ ಅರ್ಧದಲ್ಲಿ ಬಸ್ಸುಗಳು ನಿಲ್ಲುತ್ತವೆ. ಆಟಕ್ಕೆ ಸರ್ಟಿಫಿಕೇಟ್ ಸಿಗುತ್ತಾ, ಮಾರ್ಕ್ಸ್ ಸೇರುತ್ತಾ ಎಂದು ಪೋಷಕರು ಮೊದಲೇ ಕೇಳುತ್ತಾರೆ. ನಮ್ಮ ಅಪ್ಪಂದಿರು ಏನೂ ಕೇಳುತ್ತಿರಲಿಲ್ಲ, ಪ್ಯಾಂಟ್ ಹರಿದರೆ ಮಾತ್ರ ಬೈಯುತ್ತಿದ್ದರು.

ಈ ಆಯುಧಪೂಜೆ ಆದ ಮೇಲೆ ಹಳೆಯ ವಿದ್ಯಾರ್ಥಿಗಳು ಮತ್ತು ಈಗಿನ ಹುಡುಗರ ನಡುವೆ ಒಂದು ಪಂದ್ಯ ಇಡಬೇಕೆಂದಿದ್ದೇವೆ. ಭಾನುವಾರವಾದರೆ ಬಸ್ಸುಗಳಿರುವುದಿಲ್ಲ. ಊಟ ನಮ್ಮದು. ನಮ್ಮ ಕೀಪರ್‌ಗೆ ಮಂಡಿ ಆಪರೇಷನ್ ಆಗಿದೆ, ಹಳಬರಲ್ಲಿ ಯಾರಾದರೂ ಪ್ಯಾಡ್ ಕಟ್ಟಲು ತಯಾರಿದ್ದರೆ ಕಾಲೇಜಿನ ವಿಳಾಸಕ್ಕೆ ಒಂದು ಕಾರ್ಡ್ ಹಾಕಿ.