ಕಪ್ಪನ್ನು ಕಳೆದರೆ ಉಳಿಯುವುದೆಲ್ಲ ಕಂದೇನಾ?

ಮೊದಲ ಸಲ ಫಿಲ್ಟರ್ ತುಂಡನ್ನು ಮೆಥನಾಲ್‌ಗೆ ಹಾಕಿದ ದಿನ ಇನ್ನೂ ಕಣ್ಣ ಮುಂದಿದೆ. ಸೌದೆ ಹೊಗೆ ಕವಿದಿದ್ದ ದಿನ 24 ಗಂಟೆ ಗಾಳಿ ಎಳೆದ ಕ್ವಾರ್ಟ್ಜ್ ಫಿಲ್ಟರ್ ಅದು. ನೋಡಲು ಬರೀ ಮಸಿ. ಅರ್ಧ ಗಂಟೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು ಸೋಸಿದೆ. ಸೀಸೆಗೆ ಇಳಿದದ್ದು ಹೊಂಬಣ್ಣದ ತಿಳಿ ದ್ರವ. ಮಸಿ ಕರಗುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಕರಗಿ ಬಂದ ಆ ಬಣ್ಣವೇ ಕಂದು ಇಂಗಾಲ, ಅಂದರೆ ಹೊಗೆಯಲ್ಲಿರುವ, ಬೆಳಕು ಹೀರುವ ಸಾವಯವ ವಸ್ತು. ಅಲ್ಲಿಯವರೆಗೆ ನನಗೆ ಅದು ಸುಮ್ನೆ ಲೆಕ್ಕದಲ್ಲಿ ಬರುತ್ತಿದ್ದ ಒಂದು ಸಂಖ್ಯೆ.

ಆ ಲೆಕ್ಕ ಈಥಲೋಮೀಟರಿನದು. ಈ ಯಂತ್ರ ಫಿಲ್ಟರ್ ಟೇಪಿನ ಮೇಲೆ ಕಣಗಳನ್ನು ಹಿಡಿದು, 370ರಿಂದ 950 ನ್ಯಾನೋಮೀಟರ್‌ವರೆಗೆ ಏಳು ಬಣ್ಣದ ಬೆಳಕು ಹಾಯಿಸಿ, ಎಷ್ಟು ಕಡಿಮೆಯಾಯಿತು ಅಂತ ನೋಡುತ್ತದೆ. ಕಂದು ಇಂಗಾಲ ನೇರಳೆ ಕಡೆಯ ಬೆಳಕನ್ನು ಜಾಸ್ತಿ ಹೀರುತ್ತದೆ, ಕೆಂಪಿನ ಕಡೆ ಹೋದಂತೆ ಹೀರುವುದು ಬೇಗ ಇಳಿಯುತ್ತದೆ. ಹಾಗಾಗಿ 880ರಲ್ಲಿ ಸಿಕ್ಕಿದ್ದೆಲ್ಲ ಕಪ್ಪಿನದು, ಅಂದರೆ ಮಸಿಯದು, ಅಂತ ಹಿಡಿಯುತ್ತೇವೆ. ಅದರಿಂದ 370ರಲ್ಲಿ ಕಪ್ಪು ಎಷ್ಟು ಹೀರಬೇಕಿತ್ತು ಎಂದು ಅಂದಾಜು ಮಾಡಿ, ಕಳೆಯುತ್ತೇವೆ. ಉಳಿದದ್ದು ಕಂದು.

ತೊಂದರೆ ಇರುವುದು ಆ ಅಂದಾಜಿನಲ್ಲೇ. ಹೀರಿದ ಬೆಳಕಿನ ಅಳತೆ 880ರಲ್ಲಿ 10, 370ರಲ್ಲಿ 40 ಬಂತು ಅಂದುಕೊಳ್ಳಿ. ನೇರಳೆ ಕಡೆ ಹೋದಂತೆ ಹೀರುವುದು ಎಷ್ಟು ಬೇಗ ಏರುತ್ತದೆ ಎಂದು ಹೇಳುವ ಸಂಖ್ಯೆಯೇ ಘಾತಾಂಕ. ಕಪ್ಪಿನ ಘಾತಾಂಕ 1 ಎಂದು ಹಿಡಿದರೆ 370ರಲ್ಲಿ ಅದರ ಪಾಲು 23.8, ಕಂದಿಗೆ ಉಳಿಯುವುದು 16.2. ಅದೇ ಘಾತಾಂಕವನ್ನು 1.2 ಮಾಡಿ, ಕಂದು 11.7ಕ್ಕೆ ಇಳಿಯುತ್ತದೆ. ಗಾಳಿ ಅದೇ, ಯಂತ್ರ ಅದೇ! ಮಸಿಯ ಕಣ ಎಷ್ಟು ದೊಡ್ಡದು, ಅದರ ಮೇಲೆ ಬೇರೆ ವಸ್ತುವಿನ ಲೇಪ ಎಷ್ಟು ದಪ್ಪ ಎಂಬುದರ ಮೇಲೆ ಈ ಘಾತಾಂಕ ನಿಜವಾಗಿಯೂ ಬದಲಾಗುತ್ತದೆ. ಹೀಗೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಅಂದಾಜು ಎಳೆಯುವುದರ ಅಪಾಯವನ್ನು ವಾಯುಮಂಡಲ ವಿಜ್ಞಾನಿಗಳಾದ ಆಂಡ್ರಿಯೆ ಮತ್ತು ಗೆಲೆನ್ಚೇರ್ 2006ರಲ್ಲೇ ಹೇಳಿದ್ದರು. ಆದರೂ ನಾನು ಬಹಳ ದಿನ 1 ಅನ್ನೇ ಕಣ್ಣುಮುಚ್ಚಿ ಹಾಕುತ್ತಿದ್ದೆ. ಅದು ತಪ್ಪಾಗಿತ್ತು.

ಸೀಸೆಯ ದಾರಿಯಲ್ಲಿ ಈ ಕಳೆಯುವ ಕೆಲಸವೇ ಇಲ್ಲ. ಸೋಸಿದ ದ್ರವವನ್ನು ಒಂದು ಮೀಟರ್ ಉದ್ದದ ಕೂದಲೆಳೆಯಂಥ ಕೊಳವೆಗೆ ತುಂಬಿ, 365 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇನೆ. ಬೆಳಕಿನ ದಾರಿ ಉದ್ದವಿರುವುದರಿಂದ ಕಣ್ಣಿಗೆ ಕಾಣದಷ್ಟು ತೆಳು ಬಣ್ಣವೂ ಸಿಗುತ್ತದೆ. ಅದೇ ಫಿಲ್ಟರಿನ ಇನ್ನೊಂದು ತುಂಡನ್ನು ನೀರಿಗೆ ಹಾಕಿದಾಗ ಬಣ್ಣ ಪೇಲವ. ನೀರಿಗೆ ಬಾರದ ಎಷ್ಟೋ ವಸ್ತು ಮೆಥನಾಲ್‌ಗೆ ಬರುತ್ತದೆ. ಬರೀ ನೀರಿನ ಅಳತೆ ನೋಡಿ ಕಂದು ಕಡಿಮೆ ಅನ್ನುವವರನ್ನು ಕಂಡರೆ ನನಗೆ ಬೇಸರ.

ಇದೂ ಪೂರ್ತಿ ಉತ್ತರವಲ್ಲ. ಕರಗಿದ ಅಣು ಬೇರೆ, ಗಾಳಿಯಲ್ಲಿ ತೇಲುವ ಕಣ ಬೇರೆ. ಅದೇ ವಸ್ತು ಕಣವಾಗಿದ್ದಾಗ ಹೆಚ್ಚು ಬೆಳಕು ಹೀರುತ್ತದೆ, ಸುಮಾರು ಎರಡು ಪಟ್ಟು ಅಂತ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕೇ ಈಗ ಎರಡನ್ನೂ ಒಟ್ಟಿಗೆ ಬರೆಯುತ್ತೇನೆ: ಈಥಲೋಮೀಟರಿನದು ಒಂದು ಸಂಖ್ಯೆಯಾಗಿ ಅಲ್ಲ, ಘಾತಾಂಕ 0.9ರಿಂದ 1.2ರವರೆಗಿನ ಒಂದು ವ್ಯಾಪ್ತಿಯಾಗಿ. ಪಕ್ಕದಲ್ಲಿ ಸೀಸೆಯ ಅಳತೆ. ಸೀಸೆಗಳಿಗೆ ಫಾಯಿಲ್ ಸುತ್ತಿಡುತ್ತೇನೆ. ಬಿಸಿಲು ಬಿದ್ದರೆ ಆ ಹೊಂಬಣ್ಣ ಮಾಸಿಹೋಗುತ್ತದೆ.