ಟಂಕಸಾಲೆಯ ಊರಿನಲ್ಲಿ ಒಂದು ಬೆಳ್ಳಿ ನಾಣ್ಯ

ಫಿಲಡೆಲ್ಫಿಯಾಕ್ಕೆ ಹೋದವರೆಲ್ಲ ಬಿರುಕು ಬಿಟ್ಟ ಲಿಬರ್ಟಿ ಗಂಟೆ ನೋಡಲು ಓಡುತ್ತಾರೆ. ಅದನ್ನು ಬೇಗ ಮುಗಿಸಿ ನಾನೂ ಭಾವನೂ ಟಂಕಸಾಲೆಗೆ ನಡೆದೆವು. ಅಮೆರಿಕದ ಟಂಕಸಾಲೆ 1792ರಲ್ಲಿ ಶುರುವಾದದ್ದು ಇದೇ ಊರಲ್ಲಿ. ಈಗಿನ ಕಟ್ಟಡ ಮಾತ್ರ 1969ರದು. ಗಾಜಿನಾಚೆ ಯಂತ್ರಗಳು ಚಿಲ್ಲರೆಯನ್ನು ರಾಶಿ ರಾಶಿ ಸುರಿಯುತ್ತವೆ. ನನಗದು ಅಷ್ಟು ಹಿಡಿಸಲಿಲ್ಲ. ಹಿಡಿಸಿದ್ದು ಪೀಟರ್ ಎಂಬ ಹದ್ದು. 1830ರ ದಶಕದಲ್ಲಿ ಟಂಕಸಾಲೆಯಲ್ಲೇ ವಾಸವಿತ್ತಂತೆ. ಯಂತ್ರದ ಚಕ್ರಕ್ಕೆ ರೆಕ್ಕೆ ಸಿಕ್ಕಿ ಸತ್ತಿತಂತೆ. ಅದರೊಳಗೆ ಹುಲ್ಲು ತುಂಬಿ ಇಂದಿಗೂ ಇಟ್ಟಿದ್ದಾರೆ.

ನನಗೆ ನೋಡಬೇಕಾಗಿದ್ದದ್ದು 19ನೇ ಶತಮಾನದ ಪ್ರೂಫ್ ಬೆಳ್ಳಿ ನಾಣ್ಯ. ಪ್ರೂಫ್ ಅಂದರೆ ಚಲಾವಣೆಗಲ್ಲದೆ ಸಂಗ್ರಹಕ್ಕೋ ಕಾಣಿಕೆಗೋ ಅಂತ ವಿಶೇಷವಾಗಿ ಹೊಡೆದ ನಾಣ್ಯ. ಅದು ಸಿಕ್ಕಿದ್ದು ಊರಾಚೆಯ ಒಂದು ನಾಣ್ಯ ಮೇಳದಲ್ಲಿ. ಮೂಲೆಯ ಮೇಜಿನಲ್ಲಿ ಒಬ್ಬ ಹಿರಿಯ ವ್ಯಾಪಾರಿ ಕೂತಿದ್ದರು. ನಾನು ಕೊಳ್ಳುವವನಲ್ಲ ಅಂತ ಮೊದಲೇ ಹೇಳಿದೆ. "ನೋಡೋಕೆ ದುಡ್ಡು ಯಾಕೆ? ಕೂತ್ಕೊಳ್ಳಿ" ಎಂದರು.

ಮಖಮಲ್ಲಿನ ಬಟ್ಟೆ ಹಾಸಿ 1880ರ ಟ್ರೇಡ್ ಡಾಲರ್ ಒಂದನ್ನು ಕೈಗೆ ಕೊಟ್ಟರು. ಅಂಚಿನಲ್ಲಷ್ಟೇ ಹಿಡಿಯಬೇಕು. ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದೆ. ಮೂರ್ತಿಯ ಸುತ್ತಲಿನ ಬಯಲು ಭಾಗ ಒಮ್ಮೆಲೇ ಕಪ್ಪಾಯಿತು. ಸರಕಿನ ಮೂಟೆಗಳ ಮೇಲೆ ಕೂತ ಲಿಬರ್ಟಿ ದೇವಿ ಮಾತ್ರ ಬೆಳ್ಳಗೆ ಮೇಲೆದ್ದು ಬಂದಳು. ಇನ್ನೊಂದು ಚೂರು ತಿರುಗಿಸಿದರೆ ಎಲ್ಲ ಬೆಳಕೇ ಬೆಳಕು. ಎಷ್ಟು ಫೋಟೊ ನೋಡಿದ್ದೆ, ಒಂದರಲ್ಲೂ ಇದು ಕಂಡಿರಲಿಲ್ಲ.

"ಅಚ್ಚಿಗೂ ಪಾಲಿಶ್, ಬಿಲ್ಲೆಗೂ ಪಾಲಿಶ್. ಆಮೇಲೆ ಬಲವಾಗಿ ಒತ್ತು" ಎಂದರು ಅವರು. "ಜೇಬಲ್ಲಿಟ್ಟು ಸವೆಸಿದರೂ ಇದು ಪ್ರೂಫೇ. ಹುಟ್ಟಿದ ರೀತಿ ಅದು."

ಟ್ರೇಡ್ ಡಾಲರ್ ಹುಟ್ಟಿದ್ದು 1873ರಲ್ಲಿ, ಚೀನಾದ ವ್ಯಾಪಾರಕ್ಕೆ. ತೂಕ 420 ಗ್ರೇನ್ (ಸುಮಾರು 27 ಗ್ರಾಂ), ಮಾಮೂಲಿ ಡಾಲರಿಗಿಂತ ಜಾಸ್ತಿ. 1878ಕ್ಕೆ ವ್ಯಾಪಾರದ ನಾಣ್ಯ ನಿಂತಿತು. ಆದರೂ 1883ರವರೆಗೆ ಸಂಗ್ರಾಹಕರಿಗೆಂದೇ ಪ್ರೂಫ್ ಹೊಡೆದರು. 1880ರದು 1,987. ಮುಂದೆ 1884ರ ಹೆಸರಲ್ಲಿ 10, 1885ರ ಹೆಸರಲ್ಲಿ ಬರೀ 5 ಇವೆ. ಅವು ಇವೆ ಅನ್ನೋದೇ 1908ರ ತನಕ ಹೊರಗಿನವರಿಗೆ ತಿಳಿದಿರಲಿಲ್ಲ.

"1885ರದು ನೋಡಿದ್ದೀರಾ?" ಎಂದೆ.

"ಒಂದು ಸಲ. ಮುಟ್ಟೋಕೆ ಧೈರ್ಯ ಬರಲಿಲ್ಲ" ಎಂದರು. ಅಷ್ಟು ವರ್ಷ ಇದೇ ಕೆಲಸ ಮಾಡಿದವರ ಮಾತು ಅದು.

ಆಗಲೇ ಭಾವ ತಮ್ಮ ಪೊಟ್ಟಣ ಬಿಚ್ಚಿದರು. ಹಿಂದಿನ ದಿನ ದಾರಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಪ್ರೂಫ್ ಅಂತ ಹೇಳಿ ಕೊಟ್ಟ ಅರ್ಧ ಡಾಲರ್. ಹಿರಿಯರು ಭೂತಗನ್ನಡಿ ಹಿಡಿದು ತಲೆಯಾಡಿಸಿದರು. ಬಯಲೂ ಮೂರ್ತಿಯೂ ಒಂದೇ ಥರ ಮಿನುಗುತ್ತಿದ್ದವು. ಮೇಲೆಲ್ಲ ಒಂದೇ ದಿಕ್ಕಿನ ಸಣ್ಣ ಗೀರು. ಯಾರೋ ಬಟ್ಟೆಯಲ್ಲಿ ಉಜ್ಜಿ ಹೊಳಪು ಬರಿಸಿದ ಮಾಮೂಲಿ ನಾಣ್ಯ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲೇ ಇಲ್ಲ. ನನಗಿನ್ನೂ ಸಿಟ್ಟು ಆರಿಲ್ಲ. ಹಾಗಾಗಿ ಹೇಳುತ್ತೇನೆ: ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯವರು ನೋಡಿ ಡಬ್ಬಿಯಲ್ಲಿ ಮುಚ್ಚಿ ಕೊಟ್ಟದ್ದನ್ನೇ ಕೊಳ್ಳಿ. ಪ್ರೂಫ್ ಆದರೆ ಚೀಟಿಯ ಮೇಲೆ ಪಿಆರ್ ಅಥವಾ ಪಿಎಫ್ ಅಂತ ಇರುತ್ತದೆ. ಚೀಟಿಯ ನಂಬರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಿ. ವಾಪಸಾತಿಯ ಮಾತು ಬರೆದು ಕೊಡದಿದ್ದರೆ ಹೊರಟುಬಿಡಿ. ಹಬ್ಬಕ್ಕೆ ಬೆಳ್ಳಿ ದೀಪವನ್ನು ವಿಭೂತಿ ಹಾಕಿ ಉಜ್ಜುವ ಅಭ್ಯಾಸವನ್ನು ಹಳೇ ನಾಣ್ಯದ ಹತ್ತಿರ ತರಲೇಬೇಡಿ.

ಕೊನೆಗೆ ವಾಷಿಂಗ್ಟನ್. ಸ್ಮಿತ್ಸೋನಿಯನ್‌ನ ಅಮೆರಿಕನ್ ಇತಿಹಾಸ ಮ್ಯೂಸಿಯಂನ ಸಂಗ್ರಹದಲ್ಲಿ 1804ರ ಡಾಲರಿನ ಮೂರು ಬಗೆಯೂ ಇವೆ. ಇಸವಿ 1804, ಆದರೆ ಮೊದಲ ಬಗೆಯದನ್ನು ಹೊಡೆದದ್ದು 1834ರ ಸುಮಾರಿಗೆ. ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿ ಏಷ್ಯಾದ ಅರಸರಿಗೆ ಕೊಡಲು ಒಯ್ದ ಪ್ರೂಫ್ ಸೆಟ್‌ಗಳಿಗಾಗಿ. ಎರಡನೇ ಬಗೆಯದು ಜಗತ್ತಿನಲ್ಲಿ ಇರುವುದೇ ಒಂದು, ಅದೂ 1857ರ ಸ್ವಿಸ್ ನಾಣ್ಯವೊಂದರ ಮೇಲೆ ಒತ್ತಿದ್ದು!

ನನ್ನ ಮನಸ್ಸು ನಿಂತದ್ದು ರಾಬರ್ಟ್ಸ್ ಹೋದ ದಾರಿಯಲ್ಲಿ. ಒಂದು ಸೆಟ್ ಮಸ್ಕತ್ತಿನ ಸುಲ್ತಾನನಿಗೆ ಹೋಯಿತು. ನಮ್ಮ ಮಂಗಳೂರಿನ ಅಕ್ಕಿ ಹಡಗೇರಿ ಹೋಗುತ್ತಿದ್ದ ಅದೇ ಮಸ್ಕತ್! ಆ ಸೆಟ್ಟಿನದೆಂದು ಹೇಳುವ ಡಾಲರ್ 2021ರ ಹರಾಜಿನಲ್ಲಿ 76 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. 1835ರಲ್ಲಿ ರಾಬರ್ಟ್ಸ್ ಅವರ ಹಡಗು ಪೀಕಾಕ್ ಅರಬ್ ಕರಾವಳಿಯಲ್ಲಿ ನೆಲಕ್ಕೆ ತಾಗಿ ಸಿಕ್ಕಿಕೊಂಡಿತ್ತು. ಮಸ್ಕತ್ ಮುಗಿಸಿ ರಿಪೇರಿಗೆ ಬಂದದ್ದು ಮುಂಬೈಗೆ. ಅಂದರೆ ಸಯಾಮಿನ (ಈಗಿನ ಥಾಯ್ಲೆಂಡ್) ರಾಜನಿಗೆಂದು ಇಟ್ಟಿದ್ದ ಸೆಟ್ ಸ್ವಲ್ಪ ಕಾಲ ನಮ್ಮ ಪಡುವಣ ಕರಾವಳಿಯಲ್ಲೇ ಇತ್ತು. 1836ರಲ್ಲಿ ಅದು ಬ್ಯಾಂಕಾಕ್ ತಲುಪಿತು. ಅದೇ ವರ್ಷ ರಾಬರ್ಟ್ಸ್ ಮಕಾವ್‌ನಲ್ಲಿ ತೀರಿಕೊಂಡರು. ಜಪಾನಿಗೂ ಹೋಗಬೇಕಿತ್ತು, ಆದರೆ ಅವರಿಂದ ಅದು ಆಗಲೇ ಇಲ್ಲ.

ಇಷ್ಟೆಲ್ಲ ಕಥೆ ಇರುವ ನಾಣ್ಯ, ಸರಿ. ಆದರೂ ಗಾಜಿನೊಳಗೆ ಅಲುಗಾಡದೆ ಕೂತ ಪ್ರೂಫ್ ನಾಣ್ಯ ತನ್ನ ಅರ್ಧ ಚೆಲುವನ್ನೂ ತೋರಿಸುವುದಿಲ್ಲ. ಮೇಲಿನ ದೀಪವನ್ನಾದರೂ ನಿಧಾನವಾಗಿ ಓಡಾಡಿಸುವ ವ್ಯವಸ್ಥೆ ಮಾಡಬಹುದು, ಅಲ್ವಾ?